‘ನಾನು ಹೇಳ್ತೇನೆ’ ಎಂದರೆ ನಂಬದ ಗುರುವಪ್ಪ

ಬೆಳಿಗ್ಗೆ ಆರೂಕಾಲು. ಬೆಳ್ತಂಗಡಿ ಬಳಿಯ ಲಾಯಿಲದ ಶೇಖರ ಶೆಟ್ಟರ ಅಂಗಳಕ್ಕೆ ಬಂದ ಗುರುವಪ್ಪನವರ ಕಣ್ಣು ಮೊದಲು ಹೋಗುವುದು ಮೆಟ್ಟಿಲ ಬಳಿಯ ಚಪ್ಪಲಿಗಳ ಮೇಲೆ. ಗಂಡಸರ ಚಪ್ಪಲಿ ಎರಡು ಜೊತೆ ಇವೆ. ಅಂದಮೇಲೆ ‘ಯಜಮಾನರು ಪೇಟೆಗೆ ಹೋಗಿದ್ದಾರೆ’ ಎಂಬ ಮಾತು ಇವತ್ತು ಇಲ್ಲಿ ನಡೆಯುವುದಿಲ್ಲ. ಅವರು ಒಮ್ಮೆ ಕೆಮ್ಮಿ, ನಾಯಿಯ ಸರಪಳಿ ಎಲ್ಲಿಯವರೆಗೆ ಬರುತ್ತದೆಂದು ಕಣ್ಣಲ್ಲೇ ಅಳೆದು, ಕೈಚೀಲದಿಂದ ಎರಡು ನೋಟೀಸು ಹೊರತೆಗೆಯುತ್ತಾರೆ.

“ಏಳು ಗಂಟೆ ಕಳೆದರೆ ಯಾರೂ ಮನೆಯಲ್ಲಿ ಇರುವುದಿಲ್ಲ. ಇದ್ದರೂ ಇರುವುದಿಲ್ಲ,” ಎನ್ನುತ್ತಾರೆ, ತಮ್ಮ ಬಗ್ಗೆ ಬರೆಯಲು ಜೊತೆಗೆ ಬಂದ ಪತ್ರಿಕೆಯವನಿಗೆ.

ಗುರುವಪ್ಪ ಉಗ್ರಾಣಿ. ಕಂದಾಯ ಇಲಾಖೆಯ ಕಾಗದದಲ್ಲಿ ಗ್ರಾಮ ಸಹಾಯಕ ಎಂದಿದ್ದರೂ ಊರಿನವರ ಬಾಯಲ್ಲಿ ಇಂದಿಗೂ ಉಗ್ರಾಣಿಯೇ. ಜಾಗದ ಅಳತೆ, ಗಡಿ ತಕರಾರು, ತೀರಿಹೋದವರ ಆಸ್ತಿಯನ್ನು ಮಕ್ಕಳ ಹೆಸರಿಗೆ ಮಾಡುವುದು, ಹೀಗೆ ಯಾವ ವಿಚಾರಣೆ ಇದ್ದರೂ ಮನೆಮನೆಗೆ ಹೋಗಿ ತಿಳಿಸುವವರು ಅವರು. ಇಪ್ಪತ್ತಾರು ವರ್ಷವಾಯಿತು, ಕೆಲಸ ಇನ್ನೂ ಕಾಯಂ ಆಗಿಲ್ಲ. ದಿನಕ್ಕೆ ಹತ್ತು ಹನ್ನೆರಡು ನೋಟೀಸು. ನಾಯಿ ಕಚ್ಚಿದ್ದು ಮೂರು ಸಲ. ಬೈಗುಳದ ಲೆಕ್ಕ ಇಟ್ಟಿಲ್ಲ.

ಸಹಿ ಹಾಕಿಸಿಕೊಳ್ಳುವುದರಲ್ಲಿ ಅವರದ್ದೇ ಒಂದು ಕ್ರಮವಿದೆ. ಕಚೇರಿಯ ಗಟ್ಟಿ ಕನ್ನಡವನ್ನು ತುಳುವಿಗೆ ಇಳಿಸಿ ಹೇಳುತ್ತಾರೆ. ಆಮೇಲೆ ಕೇಳಿದವರು ಅದನ್ನು ತಿರುಗಿ ಅವರಿಗೇ ಒಪ್ಪಿಸಬೇಕು. ಅಲ್ಲಿಯವರೆಗೆ ಪೆನ್ನು ಕೊಡುವುದಿಲ್ಲ. “ತಲೆ ಅಲ್ಲಾಡಿಸಿದರೆ ಗೊತ್ತಾಯಿತು ಅಂತ ಅಲ್ಲ ಮಾರಾಯ್ರೆ. ಕೋಲೆಬಸವನೂ ಅಲ್ಲಾಡಿಸ್ತದೆ.”

ಇವತ್ತಿನ ಎರಡು ನೋಟೀಸುಗಳ ಮೇಲೆ ಅವರಿಗೆ ನಿನ್ನೆಯಿಂದಲೇ ಅನುಮಾನ. ತೀರಿಹೋದ ತಾಯಿಯ ಜಾಗವನ್ನು ತನ್ನ ಹೆಸರಿಗೆ ಮಾಡಬೇಕೆಂದು ಶೇಖರ ಶೆಟ್ಟರ ಅರ್ಜಿ. ಒಂದು ನೋಟೀಸು ಅವರಿಗೆ, ಇನ್ನೊಂದು ತಂಗಿ ನೀಲಾವತಿಗೆ. ಎರಡಕ್ಕೂ ಒಂದೇ ವಿಳಾಸ! ಮೂವತ್ತು ವರ್ಷದ ಹಿಂದೆ ಕಕ್ಕಿಂಜೆಗೆ ಮದುವೆಯಾಗಿ ಹೋದ ಹೆಂಗಸಿಗೆ ಅಣ್ಣನ ಮನೆಯ ವಿಳಾಸ ಕೊಟ್ಟವರು ಯಾರು? ಆ ಮದುವೆಯ ಊಟ ಉಂಡವರಲ್ಲಿ ಗುರುವಪ್ಪನವರೂ ಒಬ್ಬರು.

ಶೆಟ್ಟರು ಹೊರಬಂದವರೇ ಕಾಫಿ ತರಿಸುತ್ತಾರೆ. ನೋಟೀಸು ತಂದವನಿಗೆ ಕಾಫಿ ಸಿಗುವುದೇ ಅಪರೂಪ. ಹಿಂದೆಯೇ ಬನ್ಸ್ ಕೂಡ ಬಂದಾಗ ಗುರುವಪ್ಪನವರ ಅನುಮಾನ ಗಟ್ಟಿಯಾಗುತ್ತದೆ.

“ತಂಗಿಯದ್ದೂ ಇಲ್ಲಿಯೇ ಕೊಡಿ ಗುರುವಪ್ಪ, ನಾನು ಹೇಳ್ತೇನೆ.”

“ನೀಲಾವತಿ ಅಕ್ಕ ಈಗ ಎಲ್ಲಿರುವುದು ಶೆಟ್ರೆ?”

“ಮುಂಬಯಿಯಲ್ಲಿ, ಮಗನ ಹತ್ತಿರ. ಫೋನ್ ಮಾಡಿ ಹೇಳಿಯೂ ಆಯಿತು.”

‘ಹೇಳ್ತೇನೆ’ ಎಂದ ಬಾಯಿ ಅದೇ ಉಸಿರಿನಲ್ಲಿ ‘ಹೇಳಿಯಾಯಿತು’ ಎನ್ನುತ್ತಿದೆ. ಗುರುವಪ್ಪ ಶೆಟ್ಟರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ತಂಗಿಯ ನೋಟೀಸನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ.

ಅವರು ಹೀಗಾಗಲು ಒಂದು ಕಾರಣವಿದೆ. ಹದಿನೇಳು ವರ್ಷದ ಹಿಂದೆ ಇಂಥದೇ ಒಂದು ಮನೆಯಲ್ಲಿ ಒಬ್ಬ ಅಣ್ಣ ‘ನಾನು ಹೇಳ್ತೇನೆ’ ಎಂದಿದ್ದ. ಗುರುವಪ್ಪ ನಂಬಿ, ‘ತಿಳಿಸಲಾಗಿದೆ’ ಎಂದು ಬರೆದು ಬಂದರು. ತಂಗಿ ವಸುಧಾಗೆ ಯಾರೂ ಹೇಳಲಿಲ್ಲ. ಜಾಗ ಅಣ್ಣನ ಹೆಸರಿಗಾಯಿತು, ವರ್ಷದೊಳಗೆ ಮಾರಿಯೂ ಹೋಯಿತು. ಗಂಡನ ಊರಾದ ಬೆಳುವಾಯಿಯಿಂದ ಓಡಿಬಂದ ಆಕೆ ಕಚೇರಿಯ ಜಗಲಿಯಲ್ಲಿ ಇವರನ್ನೇ ಕೇಳಿದರು: “ನನಗೊಂದು ಮಾತು ಹೇಳಿದ್ದರೆ ಆಗ್ತಿತ್ತಲ್ಲ?” ಅದನ್ನು ನೆನೆದರೆ ಈಗಲೂ ಅವರಿಗೆ ನಾಚಿಕೆಯಾಗುತ್ತದೆ.

ಚಾರ್ಮಾಡಿ ಕಡೆಯ ಬಸ್ಸಿನಲ್ಲಿ ಕಕ್ಕಿಂಜೆಗೆ ಹೋಗುವುದು ಅವರ ಕೆಲಸವಲ್ಲ, ಅದು ಬೇರೆ ಗ್ರಾಮ. ಆದರೂ ಬಸ್ಸು ಹತ್ತುತ್ತಾರೆ. “ಗ್ರಾಮ ನನ್ನದಲ್ಲ. ಕಾಗದ ನನ್ನ ಕೈಯಲ್ಲಿ ಉಂಟಲ್ಲ!”

ಮುಂಬಯಿಯಲ್ಲಿರಬೇಕಾದ ನೀಲಾವತಿ ಕಕ್ಕಿಂಜೆಯ ಮನೆಯಂಗಳದಲ್ಲಿ ಪುನರ್ಪುಳಿ ಹಣ್ಣಿನ ಕೆಂಪು ಸಿಪ್ಪೆಯನ್ನು ಒಣಗಲು ಹರವುತ್ತಿದ್ದಾರೆ. ಬಂದ ಕಾರಣ ಕೇಳಿ ನಗುತ್ತಾರೆ. “ಅಣ್ಣ ಫೋನ್ ಮಾಡಿ ಹೇಳಿದ್ದಾನಲ್ಲ.”

ಗುರುವಪ್ಪ ತಬ್ಬಿಬ್ಬಾಗುತ್ತಾರೆ. ಸುಮ್ಮನೆ ಅನುಮಾನಪಟ್ಟೆನೇ? ಆದರೂ ಕೇಳುತ್ತಾರೆ: “ಏನು ಹೇಳಿದ್ದಾರೆ ಅಕ್ಕ?”

“ಕಚೇರಿಯಲ್ಲಿ ಸಣ್ಣ ಕೆಲಸ ಉಂಟು, ನೀನು ಬರಬೇಕಂತ ಇಲ್ಲ, ನಾನು ನೋಡಿಕೊಳ್ತೇನೆ ಅಂತ.”

ಗುರುವಪ್ಪ ನೋಟೀಸು ಬಿಡಿಸುತ್ತಾರೆ. ನೀಲಾವತಿಯ ನಗು ಇಳಿಯುತ್ತದೆ. “ನಿಮ್ಮನ್ನು ಯಾರು ಕಳಿಸಿದ್ದು? ಅಣ್ಣ ತಂಗಿಗೆ ಜಗಳ ಹಚ್ಚಲಿಕ್ಕೆ ಬಂದದ್ದಾ?”

“ಕಚೇರಿ ಕಳಿಸಿದ್ದು. ಜಗಳ ಮಾಡಬೇಕಾ ಬೇಡವಾ ಅಂತ ಇದರಲ್ಲಿ ಇಲ್ಲ. ಇಲ್ಲದ್ದನ್ನು ನಾನು ಹೇಳುವುದಿಲ್ಲ. ನೀವೇ ಓದಿ.”

ಆಕೆ ಓದುತ್ತಾರೆ, ಎರಡು ಸಲ. ಗುರುವಪ್ಪ ತುಳುವಿನಲ್ಲಿ ಬಿಡಿಸಿ ಹೇಳಿ, ತಿರುಗಿ ಹೇಳಿ ಎನ್ನುತ್ತಾರೆ.

“ಗುರುವಾರ. ಹತ್ತೂವರೆಗೆ. ಬೆಳ್ತಂಗಡಿಯ ಕಚೇರಿಯಲ್ಲಿ. ಅಮ್ಮನ ಜಾಗದ ವಿಚಾರಣೆ.” ನೀಲಾವತಿಯ ಸ್ವರ ಕುಗ್ಗುತ್ತದೆ. “ನಾನು ಹೋಗಿ ತಕರಾರು ಹೇಳದಿದ್ದರೆ, ಅಣ್ಣನೊಬ್ಬನ ಹೆಸರಿಗೆ.”

ಗುರುವಪ್ಪ ಪೆನ್ನು ಕೊಡುತ್ತಾರೆ. ಸಹಿ ಹಾಕುವಾಗ ಆಕೆಯ ಕೈಯ ಪುನರ್ಪುಳಿ ಬಣ್ಣ ಕಾಗದಕ್ಕೂ ತಾಗುತ್ತದೆ. ಗುರುವಾರ ಆಕೆ ಹೋಗುತ್ತಾರೋ ಇಲ್ಲವೋ ಎಂದು ಗುರುವಪ್ಪ ಕೇಳುವುದಿಲ್ಲ.

ಕಕ್ಕಿಂಜೆಯ ಬಸ್ ನಿಲ್ದಾಣದಲ್ಲಿ, ಕೆಲಸ ಬಿಡುವ ಮೊದಲು ಏನಾದರೂ ಆಸೆ ಉಂಟೇ ಎಂದು ಪತ್ರಿಕೆಯವನು ವಿಚಾರಿಸುತ್ತಾನೆ.

“ಬೆಳುವಾಯಿಗೊಮ್ಮೆ ಹೋಗಬೇಕು. ತಪ್ಪು ನನ್ನದು ಅಂತ ವಸುಧಾ ಅಕ್ಕನಿಗೆ ಹೇಳಬೇಕು.”

“ನಾಳೆ ನನಗೆ ಮೂಡುಬಿದಿರೆಗೆ ಹೋಗುವುದುಂಟು, ಬೆಳುವಾಯಿ ಅಲ್ಲೇ ಹತ್ತಿರ. ಬೇಕಾದರೆ ನಾನು ಹೇಳ್ತೇನೆ.”

ಗುರುವಪ್ಪ ಪತ್ರಿಕೆಯವನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ, ಬೆಳಿಗ್ಗೆ ಶೆಟ್ಟರನ್ನು ನೋಡಿದ ಹಾಗೆಯೇ.

“ಅದು ಬೇಡ. ಬೆಳುವಾಯಿಗೆ ಮೊದಲ ಬಸ್ಸು ಎಷ್ಟು ಗಂಟೆಗೆ ಅಂತ ಗೊತ್ತಿದ್ದರೆ ಹೇಳಿ, ಸಾಕು.”