ಮೊದಲು ವಾಕ್ಯ, ಆಮೇಲೆ ಮರ

ನಾವು ನೆಲೆಸಿದ್ದ ಸ್ವಾಹಿಲಿ ಕರಾವಳಿಯ ಊರು ಪಂಗಾನಿಯ ಮುದುಕ ಬಡಗಿ ಮೊರೇವಿಯನ್ ಸಭೆಯವರು. ಆ ಸಭೆಯವರು ವರ್ಷದ ಒಂದೊಂದು ದಿನಕ್ಕೂ ಒಂದೊಂದು ಬೈಬಲ್ ವಾಕ್ಯವನ್ನು ಚೀಟಿ ಎತ್ತಿ ಗೊತ್ತುಮಾಡಿ ಪುಸ್ತಕ ಮಾಡಿರುತ್ತಾರೆ. ಅಂದಿನ ವಾಕ್ಯ ಓದದೆ ಈ ಮುದುಕರು ಉಳಿ ಮುಟ್ಟುತ್ತಿರಲಿಲ್ಲ. ಕಣ್ಣು ಮಂಜಾದ ಮೇಲೆ ಬಂದ ಗಿರಾಕಿಯ ಕೈಗೇ ಪುಸ್ತಕ ಕೊಟ್ಟು, ಟೋಪಿ ತೆಗೆದು, "ಮೊದಲು ಇದು, ಆಮೇಲೆ ಮರ" ಎನ್ನುತ್ತಿದ್ದರು. ಅವರ ಕೆಲಸಗಾರರು ಹಿಂದೆ ನಿಂತು ನಗುತ್ತ ಗರಗಸ ಎಳೆಯುತ್ತಿದ್ದರು.

ದೇವರ ಮಂಟಪ ಮಾಡಿಸಲು ಹೋಗಿ ನಾನೂ ಓದುವವನಾದೆ. ಸ್ವಾಹಿಲಿ ನನಗೆ ಅರ್ಧಂಬರ್ಧ. ಅವರಿಗೆ ಅಷ್ಟು ಸಾಕಿತ್ತು.

"ಅವರ ಪುಸ್ತಕ ನೀವ್ಯಾಕ್ರೀ ಓದೋದು?" ಎಂದಳು ಹೆಂಡತಿ.

"ಓದ್ದೇ ಇದ್ರೆ ನಮ್ಮ ಮಂಟಪ ಆಗಲ್ಲ ಕಣೇ."

ಪಾಲಿಶ್ ಒಂದೇ ಬಾಕಿಯಿದ್ದ ಬೆಳಿಗ್ಗೆ ನಾನು ಓದಿ ಮುಗಿಸಿದೆ. ಅವರು "ಅಸಾಂಟೆ" ಎಂದು ಧನ್ಯವಾದ ಹೇಳಿ ಗೋಡೆಗೊರಗಿ ಕಣ್ಣು ಮುಚ್ಚಿದರು. ತೊಡೆಯ ಮೇಲಿದ್ದ ಟೋಪಿಯನ್ನು ಮತ್ತೆ ಹಾಕಿಕೊಳ್ಳಲಿಲ್ಲ.

ಅವರನ್ನು ಮಣ್ಣು ಮಾಡಿದ ಮೇಲೆ ಮಂಟಪ ತರಲು ಹೋದೆ. ಅಂಗಡಿ ತೆರೆದಿತ್ತು, ಗರಗಸದ ಸದ್ದಿರಲಿಲ್ಲ. ಕೆಲಸಗಾರರೆಲ್ಲ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಅವರಲ್ಲೊಬ್ಬ ಪುಸ್ತಕವನ್ನು ನನ್ನತ್ತ ಚಾಚಿದ.

"ಮೊದಲು ಇದು," ಎಂದ.