ದಿಬ್ಬದ ಮಾವ ಮತ್ತು ಚೂಪಿಯ ಬಲತೊಡೆ

ದಿಬ್ಬದ ಮಾವನಿಗೆ ಆ ಹೆಸರು ಬಂದದ್ದು ಕುದುರೆ ಲಾಯದ ಹಿಂದಿನ ಮಣ್ಣುದಿಬ್ಬದಿಂದ. ಎಳೆಯ ಕುದುರೆ ಯಾವುದೇ ಬರಲಿ, ಬೆನ್ನ ಮೇಲೆ ಜೀನು ಬೀಳುವ ಮೊದಲು ಅದು ಮಾವನ ಜೊತೆ ಆ ದಿಬ್ಬ ಹತ್ತಿ ಇಳಿಯಲೇಬೇಕು. "ಕುದುರೆ ಮುಂಗಾಲಲ್ಲಿ ಓಡತ್ತೆ ಅಂತ ಜನ ತಿಳ್ಕೊಂಡಿದಾರೆ. ತಳ್ಳೋದೆಲ್ಲ ಹಿಂದೆ ಸ್ವಾಮಿ, ಹಿಂದೆ!" ಎನ್ನುತ್ತ ತನ್ನದೇ ಹಿಂಬದಿಯನ್ನು ಪಟಪಟ ತಟ್ಟಿಕೊಳ್ಳುತ್ತಿದ್ದ. ಮಾವನದೋ ಒಣಕಲು ಮೈ. ತಟ್ಟಿದರೆ ಹಲಗೆ ತಟ್ಟಿದ ಸದ್ದು. ಕೇಳಿದವರು ನಗದೆ ಏನು ಮಾಡಿಯಾರು?

ಲಾಯದ ಗೋಡೆಗೆ ಅಂಟಿಕೊಂಡ ಎರಡು ಕೋಣೆಗಳೇ ಅವನ ಮನೆ. ಆ ಕಡೆ ಕುದುರೆ ಒದ್ದರೆ ಈ ಕಡೆ ಅಡುಗೆಮನೆಯ ತಟ್ಟೆಗಳು ಗಲಗಲ ಅನ್ನುತ್ತಿದ್ದವು. ಆಗ ಹೆಂಡತಿ, ಅವಳನ್ನು ಎಲ್ಲರೂ ಅತ್ತೆ ಎಂದೇ ಕರೆಯುತ್ತಿದ್ದರು, ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು: "ನನ್ನ ಸವತಿ ಬಾಗಿಲು ತಟ್ತಿದಾಳೆ, ಹೋಗಿ ನೋಡಿ!"

ಕುದುರೆ ಎಂದರೆ ಅತ್ತೆಗೆ ಜೀವ ಬಾಯಿಗೆ ಬರುತ್ತಿತ್ತು. ಕುದುರೆಗೆ ಹೊದಿಸುವ ಕಂಬಳಿ ಒಗೆಯುತ್ತಿದ್ದಳು, ಹರಿದ ಗೋಣಿ ಹೊಲಿಯುತ್ತಿದ್ದಳು. ಅಂಗಳ ದಾಟಬೇಕಾದರೆ ಮಾತ್ರ ಗೋಡೆ ಸವರಿಕೊಂಡೇ ದಾಟುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಗಂಡನನ್ನು ಕುದುರೆಯೊಂದು ಬಲಮಂಡಿಗೆ ಒದ್ದು ತಿಂಗಳುಗಟ್ಟಲೆ ಹಾಸಿಗೆ ಹಿಡಿಸಿದ್ದನ್ನು ಅವಳು ಮರೆತಿರಲಿಲ್ಲ. ಮಾವ ಮರೆತಿದ್ದ, ಅಥವಾ ಹಾಗೆ ತೋರಿಸಿಕೊಂಡಿದ್ದ.

ಆ ವರ್ಷ ಲಾಯಕ್ಕೆ ಒಂದು ಹೆಣ್ಣುಮರಿ ಬಂತು. ಎತ್ತರ ಇತ್ತು, ಕತ್ತು ಇತ್ತು, ಕಣ್ಣಂತೂ ಕೇಳಬೇಡಿ. ಹಿಂದಕ್ಕೆ ಹೋಗಿ ನೋಡಿದರೆ ಮಾತ್ರ ಎರಡು ಕಡೆಯೂ ಇಳಿಜಾರು, ಮನೆ ಸೂರಿನ ಹಾಗೆ ಚೂಪು. ಮಾವ ಅದಕ್ಕೆ ಚೂಪಿ ಎಂದೇ ಹೆಸರಿಟ್ಟ. ಲಾಯದ ಯಜಮಾನ ಮೂಗು ಮುರಿದ.

"ಚಳಿ ಮುಗಿಯೋ ಹೊತ್ತಿಗೆ ಸವಾರಿ ಶಾಲೆ ಮೇಡಂ ಕುದುರೆ ಕೊಳ್ಳೋಕೆ ಬರ್ತಾರೆ ಮಾವ. ಅಷ್ಟರಲ್ಲಿ ಹಿಂದೆ ತುಂಬಿದ್ರೆ ಸರಿ. ಇಲ್ಲದಿದ್ರೆ ಇಟ್ಟಿಗೆ ಗಾಡಿಯವನು ಕೇಳ್ತಾ ಇದಾನೆ."

ಇಟ್ಟಿಗೆ ಗಾಡಿ ಎಳೆಯುವ ಕುದುರೆಗಳನ್ನು ಮಾವ ದಿನಾ ನೀರಿನ ತೊಟ್ಟಿಯ ಹತ್ತಿರ ನೋಡುತ್ತಿದ್ದ. ಅವು ನೀರಿಗೆ ಬಾಯಿಡುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ನಿಂತಿರುತ್ತಿದ್ದವು, ಬಗ್ಗುವುದಕ್ಕೂ ಧೈರ್ಯ ಬೇಕು ಎನ್ನುವ ಹಾಗೆ. ಮಾರನೆಯ ಬೆಳಿಗ್ಗೆ ಮಾವ ಚೂಪಿಯ ಹಗ್ಗ ಹಿಡಿದು ದಿಬ್ಬದ ಬುಡಕ್ಕೆ ನಡೆದ.

ಅವನ ಕೆಲಸದಲ್ಲಿ ಅವಸರ ಅನ್ನುವುದೇ ಇರಲಿಲ್ಲ. ದಿಬ್ಬವನ್ನು ನಡೆದೇ ಹತ್ತಬೇಕು, ಅದೂ ನಿಧಾನವಾಗಿ. ಓಡಿದರೆ ಕುದುರೆ ರಭಸದಲ್ಲಿ ಹಾರಿಬಿಡುತ್ತದೆ, ತೊಡೆಗೆ ಕೆಲಸವೇ ಸಿಗುವುದಿಲ್ಲ. ಬುಡದಲ್ಲಿ ಬಿದಿರಿನ ಗಳಗಳನ್ನು ನೆಲಕ್ಕೆ ಅಡ್ಡ ಹಾಕಿದ್ದ. ಒಂದೊಂದನ್ನೂ ಕಾಲೆತ್ತಿ ದಾಟಬೇಕು. ನಡೆಯುವುದು, ನಿಲ್ಲುವುದು, ಮತ್ತೆ ನಡೆಯುವುದು. ಏರಿನಲ್ಲಿ ನಿಲ್ಲಿಸಿ ಎದೆಗೆ ಬೆರಳು ತಾಗಿಸಿ, ನಾಲ್ಕು ಹೆಜ್ಜೆ ಹಿಂದಕ್ಕೆ. ಆಮೇಲೆ ಬಯಲಲ್ಲಿ ಸಣ್ಣ ಸುತ್ತು. ಸುತ್ತುವಾಗ ಒಳಗಡೆಯ ಹಿಂಗಾಲು ಹೊಟ್ಟೆಯ ಕೆಳಗೆ ಬಂದು ಭಾರ ಹೊರಬೇಕು, ಅದರಲ್ಲೇ ಇರುವುದು ಗುಟ್ಟು ಎನ್ನುತ್ತಿದ್ದ. ನಡುನಡುವೆ ಪೂರ್ತಿ ರಜೆಯನ್ನೂ ಕೊಡುತ್ತಿದ್ದ.

"ಮಾಂಸ ಕೂಡೋದು ನಡೆದಾಗ ಅಲ್ಲ, ಮಲಗಿದಾಗ," ಎಂದು ಅತ್ತೆಗೆ ಹೇಳಿದ.

"ಹಾಗಾದ್ರೆ ನಿಮಗೆ ಯಾಕೆ ಕೂಡ್ಲಿಲ್ಲ?"

ಚಳಿ ಏರಿದಂತೆ ಚೂಪಿ ತುಂಬತೊಡಗಿತು. ಮಾವ ಅದರ ಹೆಗಲ ಪಕ್ಕ ನಡೆಯುತ್ತ ಒಳಗೊಳಗೇ ಬೀಗುತ್ತಿದ್ದ. ಅಷ್ಟರಲ್ಲಿ ಅದಕ್ಕೆ ಏನಾಯಿತೋ, ಬಲಗಡೆಯ ಹಿಂಗಾಲನ್ನು ನೆಲಕ್ಕೆ ಸವರಿಕೊಂಡು ನಡೆಯಲು ಶುರುಮಾಡಿತು. ಗಳ ದಾಟುವಾಗ ಆ ಗೊರಸು ತಾಗಿ ಟಕ್ ಎನ್ನುತ್ತಿತ್ತು. ಮಾವ ಗೊರಸು ಕೆರೆದು ನೋಡಿದ. ಮುಳ್ಳಿಲ್ಲ, ಗಾಯವಿಲ್ಲ. ಕುದುರೆ ಡಾಕ್ಟರು ಬಂದು ಸೊಂಟದಿಂದ ಕೆಳಗೆ ಒತ್ತಿ ಒತ್ತಿ ನೋಡಿ, ಮೂಳೆ ಚೆನ್ನಾಗಿದೆ, ನೋವೂ ಇಲ್ಲ, ಬರೀ ಶಕ್ತಿ ಸಾಲದು ಎಂದರು. ಇಷ್ಟು ದಿನ ತಾನು ಮಾಡಿಸಿದ್ದು ಮತ್ತೇನು ಎಂದು ಮಾವನಿಗೆ ತಲೆ ಕೆಟ್ಟುಹೋಯಿತು. ಯಜಮಾನ ಇಣುಕಿ ನೋಡಿ, "ಹುಟ್ಟು ಕುಂಟಿ ಇದು ಮಾವ, ನೀನು ಸುಮ್ನೆ ಒದ್ದಾಡ್ತಿದೀಯ," ಎಂದು ಹೋದ.

ಆ ಸಂಜೆ ಅತ್ತೆ ಅಂಗಳದ ತಂತಿಯ ಮೇಲೆ ಒಣಗಿದ ಕಂಬಳಿ ತೆಗೆಯುತ್ತಿದ್ದಳು. ಚೂಪಿ ಅವಳಿಗೆ ಬೆನ್ನು ಹಾಕಿ ನಿಂತಿತ್ತು.

"ರೀ, ಇವಳದು ಒಂದು ತೊಡೆ ತುಂಬಿದ ಮೂಟೆ, ಒಂದು ಅರ್ಧ ಮೂಟೆ ಇದ್ದ ಹಾಗಿದೆಯಲ್ಲ?"

"ನೀನು ಯಾವಾಗ ಡಾಕ್ಟರಾದೆ?"

"ಒಂದ್ಸಲ ಇಲ್ಲಿ ಬಂದು ನಿಂತ್ಕೊಂಡು ನೋಡಿ, ಆಮೇಲೆ ಬೈಯಿರಿ."

ಮಾವ ಗೊಣಗುತ್ತಲೇ ಬಂದ. ದಿಬ್ಬದ ಕೆಲಸ ಶುರುವಾದ ಮೇಲೆ ಅವನು ಚೂಪಿಯನ್ನು ಪಕ್ಕದಿಂದ ಮಾತ್ರ ನೋಡಿದ್ದ, ಅದೂ ಎಡಪಕ್ಕದಿಂದ. ಈಗ ಹಿಂದೆ ನಿಂತು ನೋಡಿದ. ಎಡತೊಡೆ ದುಂಡಗೆ ಮಿರುಗುತ್ತಿತ್ತು. ಬಲತೊಡೆ ಇನ್ನೂ ಹಳೆಯ ಸೂರೇ.

"ಹೇಗಾಯ್ತು ಇದು?"

ಅತ್ತೆ ಕಂಬಳಿಯನ್ನು ಎದೆಗವಚಿಕೊಂಡು ಅವನನ್ನೇ ನೋಡಿದಳು. "ಹೇಗೆ ಅಂದ್ರೆ? ನೀವು ಬಲಕ್ಕೆ ತಿರುಗಿದ್ದನ್ನ ನಾನಂತೂ ಕಂಡಿಲ್ಲ. ನೀರಿನ ಮಡಕೆ ಬಲಗಡೆನೇ ಇದ್ರೂ ಎಡಕ್ಕೆ ಒಂದು ಸುತ್ತು ಹಾಕ್ಕೊಂಡು ಹೋಗ್ತೀರಿ. ಮಂಡಿ ಮೇಲೆ ಭಾರ ಬೀಳ್ಬಾರ್ದು ಅಂತ. ಇವಳನ್ನೂ ಹಾಗೇ ಸುತ್ತಿಸಿರ್ತೀರಿ. ನಿಮ್ಮ ಕುಂಟು ಅವಳಿಗೂ ಬಂತು."

ಆಡಿದ ಮೇಲೆ ನಾಲಗೆ ಕಚ್ಚಿಕೊಂಡಳು. ರಾತ್ರಿ ಮಾವ ಊಟದ ತಟ್ಟೆಯ ಮುಂದೆ ಕುಳಿತು ರೊಟ್ಟಿಯನ್ನು ಚೂರು ಚೂರು ಮಾಡಿ, ತಿನ್ನದೆ ಎದ್ದ.

ಬೆಳಿಗ್ಗೆ ಅವನು ಚೂಪಿಯ ಬಲಕ್ಕೆ ನಿಂತು ಬಲಸುತ್ತು ಶುರುಮಾಡಿದ. ಮೂರನೆಯ ಸುತ್ತಿಗೆ ಮಂಡಿ ಕೈಕೊಟ್ಟಿತು. ನೆಲಕ್ಕೆ ಕುಸಿದ. ಚೂಪಿ ಗಾಬರಿಯಾಗಿ ಹಗ್ಗ ಎಳೆಯಿತು, ಅವನು ಬಿಡಲಿಲ್ಲ. ಅಂಗಳದಿಂದ ನೋಡಿದ ಅತ್ತೆ ಓಡಿ ಬಂದಳು, ಗೋಡೆ ಸವರಿಕೊಳ್ಳದೆ, ನೇರವಾಗಿ.

"ಕೊಡಿ ಇಲ್ಲಿ ಹಗ್ಗ."

"ನಿನ್ನ ಕೈಲಿ ಆಗಲ್ಲ ಕಣೇ, ಹೆದರ್ತೀಯ."

"ಹೆದರ್ತೀನಿ. ಹೆದರ್ಕೊಂಡೇ ನಡೀತೀನಿ. ಏನು ಮಾಡ್ಬೇಕು ಅದನ್ನ ಹೇಳಿ."

ಹಗ್ಗದ ತುದಿಯನ್ನು ಹಿಡಿದು, ತೋಳನ್ನು ಎಷ್ಟು ಚಾಚಲಾಗುತ್ತದೋ ಅಷ್ಟೂ ಚಾಚಿ, ಅತ್ತೆ ಚೂಪಿಗೆ ಒಂದು ಮಾತು ಹೇಳಿದಳು: "ನೋಡಮ್ಮ, ನಾನು ನಿನ್ನ ತಂಟೆಗೆ ಬರಲ್ಲ, ನೀನೂ ನನ್ನ ತಂಟೆಗೆ ಬರ್ಬೇಡ." ಚೂಪಿ ಅವಳ ಭುಜಕ್ಕೆ ಮೂಗು ತಾಗಿಸಿತು. ಅತ್ತೆ ಕಣ್ಣು ಮುಚ್ಚಿಕೊಂಡೇ ಮೊದಲ ಹೆಜ್ಜೆ ಇಟ್ಟಳು.

ಅಂದಿನಿಂದ ಮಾವ ದಿಬ್ಬದ ಬುಡದಲ್ಲಿ ಕಲ್ಲಿನ ಮೇಲೆ ಕುಳಿತು ಕೂಗುವುದು, ಅತ್ತೆ ದಿಬ್ಬ ಹತ್ತಿಸಿ ಬಲಕ್ಕೆ ಸುತ್ತಿಸುವುದು. "ನಿಧಾನ! ಎಳೀಬೇಡ! ಅವಳೇ ಕಾಲು ಒಳಗೆ ತರ್ಲಿ!" ಎಂದರೆ, ಮೇಲಿನಿಂದ ಉತ್ತರ ಬರುತ್ತಿತ್ತು: "ಮದುವೆ ಆದಾಗಿನಿಂದ ನಿಮ್ಮನ್ನ ಎಳೀದೇ ನಡೆಸಿದೀನಿ, ಇವಳನ್ನ ನಡೆಸಲಾರೆನಾ?" ಕೆಲಸ ಮುಗಿದ ಮೇಲೆ ಅವಳೇ ಚೂಪಿಯ ಬಲತೊಡೆಯನ್ನು ಅಂಗೈಯಿಂದ ತಿಕ್ಕುತ್ತಿದ್ದಳು, ಹಿಟ್ಟು ನಾದುವ ಹಾಗೆ, ಮಣಿಕಟ್ಟಿನ ಭಾರ ಕೊಟ್ಟು.

ಚಳಿ ಮುಗಿಯಿತು. ತೊಡೆಗಳಿನ್ನೂ ಸಮವಾಗಿರಲಿಲ್ಲ. ಮೇಡಂ ಬಂದೇಬಿಟ್ಟರು. ಇಟ್ಟಿಗೆ ಗಾಡಿಯವನೂ ಸುದ್ದಿ ತಿಳಿದು ಬಂದು, ಹಗ್ಗ ಹೆಗಲಿಗೆ ಹಾಕಿಕೊಂಡು ಗೇಟಿಗೆ ಒರಗಿ ನಿಂತಿದ್ದ.

"ದಿಬ್ಬ ಹತ್ತಿಸಿ, ಮೇಲೆ ಬಲಕ್ಕೆ ತಿರುಗಿಸ್ಕೊಂಡು ಬನ್ನಿ," ಎಂದರು ಮೇಡಂ.

ಎಲ್ಲರೂ ಮಾವನ ಕಡೆ ನೋಡಿದರು. ಮಾವನ ಕಿವಿ ಕೆಂಪಾಯಿತು. "ನನ್ನ ಕೈಲಿ ಬಲಕ್ಕೆ ಆಗಲ್ಲ ಮೇಡಂ, ಮಂಡಿ ಹೋಗಿದೆ. ಎಡಕ್ಕೆ ಮಾತ್ರ ಸುತ್ತಿಸಿ ಮರೀನ ಓರೆ ಮಾಡಿದ್ದೂ ನಾನೇ. ಈಗ ಇವಳು ನಡೆಸ್ತಾಳೆ."

ಇಷ್ಟು ವರ್ಷ ಯಾರ ಮುಂದೆಯೂ ಬಾಯಿ ಬಿಡದ ಮಾತು ಅದು. ಯಜಮಾನ ಕಣ್ಣು ಕಣ್ಣು ಬಿಟ್ಟ. ಅತ್ತೆ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಹಗ್ಗ ಹಿಡಿದಳು.

ಅರ್ಧ ಏರಿನಲ್ಲಿ ಚೂಪಿಯ ಬಲ ಹಿಂಗಾಲು ಜಾರಿತು. ಗೇಟಿಗೆ ಒರಗಿದ್ದ ಗಾಡಿಯವನು ಕತ್ತು ಮುಂದಕ್ಕೆ ಚಾಚಿದ. ಅತ್ತೆ ಎಳೆಯಲಿಲ್ಲ, ಗದರಲಿಲ್ಲ, ನಿಂತಳು. ಚೂಪಿಯೂ ನಿಂತಿತು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಸೊಂಟ ತಗ್ಗಿಸಿ, ಜಾರಿದ ಕಾಲನ್ನು ಹೊಟ್ಟೆಯ ಕೆಳಕ್ಕೆ ತಂದು ಊರಿ, ತಳ್ಳಿತು. ಮೇಲೆ ಹೋಗಿ ಬಲಕ್ಕೆ ತಿರುಗಿ ಇಳಿದು ಬಂತು.

ಮೇಡಂ ಎರಡೂ ತೊಡೆಗಳನ್ನು ಮುಟ್ಟಿ ನೋಡಿದರು. "ಇನ್ನೂ ಸಾಲದು. ಆದ್ರೆ ಇದು ಹುಟ್ಟಿನ ದೋಷ ಅಲ್ಲ, ತುಂಬತ್ತೆ. ನಾನು ಕರ್ಕೊಂಡು ಹೋಗ್ತೀನಿ. ಸರಿಯಾಗೋ ತನಕ ಬೆನ್ನ ಮೇಲೆ ಯಾರನ್ನೂ ಹತ್ತಿಸಲ್ಲ."

ಇಟ್ಟಿಗೆ ಗಾಡಿಯವನು ಹಗ್ಗ ಸುತ್ತಿಕೊಂಡು ಹೊರಟುಹೋದ.

ಚೂಪಿಯನ್ನು ಏರಿಸಿಕೊಂಡ ವಾಹನ ರಸ್ತೆ ತಿರುಗುವವರೆಗೂ ಇಬ್ಬರೂ ಗೇಟಿನಲ್ಲಿ ನಿಂತಿದ್ದರು.

"ಮಂಡಿ ಇಷ್ಟು ಕೆಟ್ಟಿದೆ ಅಂತ ನಿನಗೆ ಮೊದಲೇ ಹೇಳ್ಬೇಕಿತ್ತು," ಎಂದ ಮಾವ.

"ಹೇಳಿದ್ರೆ ನಾನೇನು ಅಂತಿದ್ದೆ? ಲಾಯ ಬಿಟ್ಟು ಬನ್ನಿ ಅಂತಿದ್ದೆ."

"ಅದಕ್ಕೇ ಹೇಳ್ಲಿಲ್ಲ."

"ಈಗ ಅನ್ನಲ್ಲ ಬಿಡಿ," ಎಂದಳು ಅತ್ತೆ, ಮೂಗು ಒರೆಸಿಕೊಳ್ಳುತ್ತ. "ಯಜಮಾನ್ರನ್ನ ಕೇಳಿ, ಮುಂದಿನ ಮರಿ ಯಾವಾಗ ಬರತ್ತಂತೆ?"