ಮಾವನ ಜೋಡಿ ಹೂಜಿ

ಬಿಸಿಲು ಏರುತ್ತಿದೆ, ಕುಡಿಯುವ ನೀರಿಗೆ ಒಂದು ಮಣ್ಣಿನ ಹೂಜಿ ಬೇಕು ಎಂದು ನನ್ನ ಹೆಂಡತಿ ಕಳೆದ ವಾರ ನನ್ನನ್ನು ಮಾರುಕಟ್ಟೆಯ ಹಿಂದಿನ ಬೀದಿಗೆ ಕರೆದುಕೊಂಡು ಹೋದಳು. ಅಲ್ಲಿ ಒಬ್ಬ ಮುದುಕಿ ಹುಲ್ಲು ಹಾಸಿ, ಅದರ ಮೇಲೆ ಮಡಕೆ ಕುಡಿಕೆಗಳನ್ನು ಮಲಗಿಸಿಕೊಂಡು ಕುಳಿತಿದ್ದಳು. ಹೆಂಡತಿ ಒಂದು ಹೂಜಿಯನ್ನು ಎತ್ತಿ, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯ ಹತ್ತಿರ ಹಿಡಿದಳು. ಜಟಕಾಗಳ ಗಡಗಡ, ಬಸ್ಸಿನ ಹಾರ್ನು, ಬಾಳೆಹಣ್ಣಿನವನ ಕೂಗು. "ರೀ, ನೀವೊಂದ್ಸಲ ತಟ್ಟಿ ನೋಡ್ರಿ" ಎಂದು ಅದನ್ನು ನನ್ನ ಕೈಗೆ ಕೊಟ್ಟಳು.

ನಾನೂ ತಟ್ಟಿ ಕಿವಿಗೆ ಹಿಡಿದೆ. ಮುದುಕಿ ನಕ್ಕಳು.

"ಅಂಗಲ್ಲ ಬುದ್ಧಿ. ಈ ಗದ್ಲದಲ್ಲಿ ಕಿವಿಗೇನು ಕೇಳ್ಸದು? ಎಡಗೈ ಅದರ ಹೊಟ್ಟೆ ಮ್ಯಾಲೆ ಇಡಿ, ಬಲಗೈಲಿ ತಟ್ಟಿ. ಗಟ್ಟಿ ಇದ್ರೆ ಅಂಗೈಗೆ ಜುಮ್ ಅಂತದೆ. ಸೀಳಿದ್ರೆ ಸತ್ತಂಗಿರ್ತದೆ."

ಹೇಳಿದ ಹಾಗೆ ಮಾಡಿದೆ. ಅಂಗೈಗೆ ಜುಮ್ ಎಂದಿತು. ಆದರೆ ಕೈ ಅಲ್ಲಿಯೇ ನಿಂತುಬಿಟ್ಟಿತು.

"ಏನ್ರೀ, ಒಡಕೇ?" ಎಂದಳು ಹೆಂಡತಿ.

ಹೂಜಿ ಚೆನ್ನಾಗಿಯೇ ಇತ್ತು. ಹದಿನೈದು ವರ್ಷಗಳಿಂದ ನಾನು ನೆಮ್ಮದಿಯಾಗಿ ನಂಬಿಕೊಂಡು ಬಂದಿದ್ದ ಒಂದು ಸಂಗತಿ ಮಾತ್ರ ಚೆನ್ನಾಗಿರಲಿಲ್ಲ.

ಅದನ್ನು ಹೇಳುವ ಮೊದಲು ನಿಮ್ಮನ್ನು ಎಚ್ಚರಿಸಬೇಕು. ನಾನು ತರ್ಕಶಾಸ್ತ್ರ ಓದಿದವನು, ಈಗ ಅದನ್ನೇ ಪಾಠ ಹೇಳಿ ಹೊಟ್ಟೆ ಹೊರೆಯುವವನು. ಒಂದು ಘಟನೆಗೆ ಒಬ್ಬನೇ ಸಾಕ್ಷಿ, ಆ ಸಾಕ್ಷಿಯೇ ಆರೋಪಿ, ಅವನ ಮಾತನ್ನು ಎಷ್ಟು ನಂಬಬಹುದು ಎಂದು ಪ್ರತಿವರ್ಷ ಹುಡುಗರನ್ನು ಕೇಳುತ್ತೇನೆ. ಹುಡುಗರು ಒಟ್ಟಾಗಿ "ನಂಬಬಾರದು ಸಾರ್" ಎನ್ನುತ್ತಾರೆ. ಮುಂದಿನದನ್ನು ನೀವೂ ಹಾಗೆಯೇ ಓದಿ.

ನನ್ನ ಸೋದರಮಾವ ನಜರ್‌ಬಾದಿನ ಕಡೆ ಒಬ್ಬ ಅರಸಿನವರ ಬಂಗಲೆಯಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಅಲ್ಲಿ ಇಂಗ್ಲಿಷ್ ದೊರೆಗಳಿಗೆ, ದೊರೆಸಾನಿಗಳಿಗೆ ಔತಣಗಳು ನಡೆಯುತ್ತಿದ್ದ ಕಾಲ. ಬಟ್ಟಲು, ತಟ್ಟೆ, ಹೂದಾನಿ, ಹೂಜಿ ಎಲ್ಲ ಪಿಂಗಾಣಿಯವು, ಎಲ್ಲ ಮಾವನ ವಶ. ಔತಣ ಮುಗಿದ ಮರುದಿನ ಅವರು ಒಂದೊಂದನ್ನೂ ತಟ್ಟಿ ನೋಡಿ ಒಳಗಿಡಬೇಕು. ಕಣ್ಣಿಗೆ ಕಾಣದ ಕೂದಲೆಳೆಯಷ್ಟು ಸೀಳೂ ಸದ್ದಿನಲ್ಲಿ ಸಿಕ್ಕಿಬೀಳುತ್ತಿತ್ತು. ಇಡೀ ಮೈಸೂರಿನಲ್ಲಿ ಪಿಂಗಾಣಿಯನ್ನು ಅವರಷ್ಟು ಬಲ್ಲವರಿರಲಿಲ್ಲ ಎಂದರೆ ಸೋದರಳಿಯನ ಅಭಿಮಾನವಾದೀತು. ಆದರೆ ಅದರಲ್ಲಿ ಒಂದೇ ಒಂದು ಗುಟುಕು ನೀರನ್ನೂ ಅವರು ಕುಡಿದವರಲ್ಲ ಎಂಬುದು ಖಂಡಿತ. ಮಡಿಯ ಮನೆ. ಅತ್ತೆ ಕೇಳುತ್ತಿದ್ದರು: "ಹಿತ್ತಾಳೆಯಾದ್ರೆ ಹುಣಿಸೆಹಣ್ಣು ಹಾಕಿ ಬೆಳಗ್ತೀನಿ. ಮಣ್ಣಿಂದಾದ್ರೆ ಆಚೆಗೆಸೀತೀನಿ. ಇದು ಯಾವ ಜಾತೀದು, ನೀವೇ ಹೇಳಿ?" ತುಟಿಗೆ ಸೋಕಿಸದ ವಸ್ತುವನ್ನು ಮಾವ ಕಿವಿಯಿಂದಲೇ ಪ್ರೀತಿಸಿದರು.

ಆ ಬಂಗಲೆಯ ಮೆಟ್ಟಿಲ ಎಡಬಲಕ್ಕೆ ಎರಡು ದೊಡ್ಡ ಹೂಜಿಗಳಿದ್ದವಂತೆ. ಬಿಳಿಯ ಮೈ, ನೀಲಿ ಹೂವು, ಬಳ್ಳಿ ಹೊಸೆದ ಹಾಗಿರುವ ಹಿಡಿ, ಹಕ್ಕಿಯ ಕೊಕ್ಕಿನಂಥ ಬಾಯಿ. ಸ್ವಾತಂತ್ರ್ಯ ಬಂದ ಸ್ವಲ್ಪ ದಿನಕ್ಕೆ ಔತಣಗಳು ನಿಂತವು, ಮನೆಯ ಸಾಮಾನು ದಾಯಾದಿಗಳಿಗೆ ಹಂಚಿಹೋಯಿತು, ಮಾವನ ಕೆಲಸವೂ ಮುಗಿಯಿತು. ಹೊರಡುವ ದಿನ ಅರಸಿನವರು ಆ ಜೋಡಿಯಲ್ಲಿ ಒಂದನ್ನು ಕರೆದು ಕೊಟ್ಟರು. ಇನ್ನೊಂದು ಯಾರ ಪಾಲಿಗೆ ಹೋಯಿತೋ, ಆಮೇಲೆ ಯಾರಿಗೆ ಮಾರಿಹೋಯಿತೋ ತಿಳಿಯಲಿಲ್ಲ.

ಅಲ್ಲಿಂದ ಶುರುವಾಯಿತು ಮಾವನ ಹರಾಜಿನ ಓಡಾಟ. ಊರು ಬಿಟ್ಟುಹೋಗುವ ದೊರೆಗಳ ಮನೆ, ನಡೆಸಲಾಗದ ಬಂಗಲೆ, ಎಲ್ಲೆಲ್ಲೂ ಆಗ ಹರಾಜು. ಕಾಂಪೌಂಡಿನ ಮಾವಿನ ಮರದ ಕೆಳಗೆ ಬೆತ್ತದ ಕುರ್ಚಿ, ನಿಂತ ಗಡಿಯಾರ, ಗ್ರಾಮಫೋನು, ಹುಳು ತಿಂದ ಹುಲಿಯ ತಲೆ, ಮುಖ ತೊಳೆಯುವ ಹೂವಿನ ಬೋಗುಣಿ. ಮಾವ ಚಿಕ್ಕಪುಟ್ಟ ಹೂಜಿಗಳನ್ನು ಕೊಳ್ಳುತ್ತಿದ್ದರು, ಕಣ್ಣು ಮಾತ್ರ ಆ ನೀಲಿ ಹೂವನ್ನು ಹುಡುಕುತ್ತಿತ್ತು. ಮನೆಗೆ ತಂದರೆ ಅತ್ತೆ ಹಿತ್ತಿಲಲ್ಲಿ ನಿಲ್ಲಿಸಿ, ಹೂಜಿಯ ಮೇಲೊಂದು ಚೊಂಬು, ಮಾವನ ಮೇಲೊಂದು ಚೊಂಬು ನೀರು ಸುರಿದು ಒಳಗೆ ಬಿಡುತ್ತಿದ್ದರು. "ಇಬ್ಬರಲ್ಲಿ ಯಾರು ಶುದ್ಧರಾದ್ರೋ ದೇವರಿಗೇ ಗೊತ್ತು" ಎನ್ನುತ್ತಿದ್ದರು.

ಹರಾಜು ಕೂಗುತ್ತಿದ್ದವರು ಬಾಷಾ ಸಾಹೇಬರು. ಪಿಂಗಾಣಿಯ ಸರದಿ ಬಂದರೆ ಅವರು ಕೈಯೆತ್ತಿ ಜನರನ್ನು ನಿಲ್ಲಿಸುತ್ತಿದ್ದರು. "ಅರೇ ಠೈರೋ! ರಾಯರು ಬೆರಳು ಹಾಕ್ಲಿ, ಆಮೇಲೆ ಕೂಗೋಣ." ಮಾವ ಮುಂದೆ ಹೋಗಿ, ಎಡಗೈಯನ್ನು ವಸ್ತುವಿನ ಹೊಟ್ಟೆಗೆ ಆನಿಸಿ, ಬಲಗೈ ಗೆಣ್ಣಿನಿಂದ ಅಂಚನ್ನು ಒಮ್ಮೆ ತಟ್ಟಿ ಕಣ್ಣು ಮುಚ್ಚುವರು. "ಹೂಂ" ಎಂದರೆ ಗಟ್ಟಿ. ಸುಮ್ಮನೆ ಹಿಂದೆ ಸರಿದರೆ ಒಡಕು. ಕೆಲಸ ಹೋದ ಮೇಲೆ ಅವರಿಗೆ ಊರಿನಲ್ಲಿ ಉಳಿದಿದ್ದ ಮರ್ಯಾದೆ ಅದೊಂದೇ. ಆ ಅರ್ಧ ನಿಮಿಷದ ಮೌನ.

ಒಂದು ದಿನ ಅವರು ಒಂದು ಬೋಗುಣಿಯನ್ನು ತಟ್ಟಿ "ಹೂಂ, ಭೇಷ್" ಎಂದರು. ಅದು ಟಪ್ ಎಂದದ್ದು ಹಿಂದಿನ ಸಾಲಿನವರಿಗೂ ಕೇಳಿಸಿತ್ತು. ಯಾರೂ ನಗಲಿಲ್ಲ. ಬಾಷಾ ಸಾಹೇಬರು ಮರದ ಕಡೆ ನೋಡಿದರು. ಜೊತೆಯಲ್ಲಿದ್ದ ನನಗೆ ನೆಲ ಬಿರಿಯಬಾರದೇ ಎನ್ನಿಸಿತು. ಆಗ ನಾನು ಎಂ.ಎ. ಬರೆದು ಫಲಿತಾಂಶ ಕಾಯುತ್ತಿದ್ದೆ. ಯಾವುದನ್ನೂ ನಂಬದಿರುವುದೇ ವಿದ್ಯೆ ಎಂದುಕೊಂಡಿದ್ದ ವಯಸ್ಸು. ಒಂದು ಕಡೆ ನಿಲ್ಲದ ಕಾಲುಗಳು.

ಹಿಂತಿರುಗುವಾಗ ಜಟಕಾದಲ್ಲಿ ಮಾವ ನನ್ನ ಪಕ್ಕಕ್ಕೆ ಸರಿದು ಕುಳಿತರು. ಆಮೇಲೆ, "ನಿನ್ನ ಕಿವೀನ ನನಗೆ ಸ್ವಲ್ಪ ಸಾಲ ಕೊಡ್ತೀಯೇನೋ?" ಎಂದರು.

ನಾನು ತಿರುಗಿ ಅವರ ಮುಖ ನೋಡಿದೆ.

"ನೀನು ಎದುರಿಗೆ ನಿಂತ್ಕೋ. ಗಟ್ಟಿಯಿದ್ರೆ ಸುಮ್ಮನಿರು. ಒಡಕಾದ್ರೆ ಕೆಮ್ಮು."

"ಕೆಮ್ಮಿದ್ರೆ ನಿಮಗೆ ಕೇಳಿಸಬೇಕಲ್ಲ ಮಾವ?" ಎಂದು ಅವರ ಕಿವಿಯ ಬಳಿ ಕೂಗಿದೆ.

ಅವರು ಜಟಕಾ ಅಲುಗುವ ಹಾಗೆ ನಕ್ಕರು. ಕೊನೆಗೆ ಹೀಗೆ ಗೊತ್ತುಮಾಡಿಕೊಂಡೆವು: ವಸ್ತು ಒಡಕಾಗಿದ್ದರೆ ನಾನು ಕನ್ನಡಕ ತೆಗೆಯಬೇಕು. ಗಟ್ಟಿಯಾಗಿದ್ದರೆ ಏನೂ ಮಾಡಬೇಕಾಗಿಲ್ಲ.

ಒಂದು ವರ್ಷ ಹಾಗೆಯೇ ನಡೆಯಿತು. ಮಾವನ "ಹೂಂ"ಗೆ ಮತ್ತೆ ಬೆಲೆ ಬಂತು. ಬಾಷಾ ಸಾಹೇಬರಿಗೆ ಗುಟ್ಟು ತಿಳಿದಿತ್ತೋ ಏನೋ, ನನಗೆ ಎದುರಿನಲ್ಲಿ ಜಾಗ ಬಿಡಿಸಿ ನಿಲ್ಲಿಸುತ್ತಿದ್ದರು.

ಆಮೇಲೆ ಆ ನೀಲಿ ಹೂಜಿ ಬಂತು. ಯಾವ ಬಂಗಲೆಯೆಂದು ಈಗ ನೆನಪಿಲ್ಲ. ಕೆಂಪು ಹೆಂಚಿನದು ಎನ್ನಿಸುತ್ತದೆ, ಆದರೆ ಯಾವ ಬಂಗಲೆಗೆ ಕೆಂಪು ಹೆಂಚಿರಲಿಲ್ಲ? ಮುರುಕು ಮೇಜುಗಳ ಸಂದಿನಲ್ಲಿ ಅದು ನಿಂತಿತ್ತು. ಬಳ್ಳಿಯ ಹಿಡಿ, ಹಕ್ಕಿಯ ಕೊಕ್ಕು. ಮಾವ ನನ್ನ ತೋಳು ಹಿಡಿದುಕೊಂಡರು. "ಅದೇ ಕಣೋ. ದಿನಾ ಧೂಳು ಒರೆಸಿದ ಕೈ ಇದು, ನನಗೆ ಗೊತ್ತಾಗಲ್ವೇ?"

ಬಾಷಾ ಸಾಹೇಬರು ಜನರನ್ನು ನಿಲ್ಲಿಸಿದರು. ಮಾವ ತಟ್ಟಿದರು.

ಟಪ್ ಎಂದಿತು.

ಮಾವ ಕಣ್ಣು ತೆರೆದು ನನ್ನನ್ನು ನೋಡಿದರು. ಕನ್ನಡಕವಿಲ್ಲದಿದ್ದರೆ ನನಗೆ ಮಾರು ದೂರದಲ್ಲಿರುವ ಮುಖವೂ ಮಸುಕು. ಅದನ್ನು ತೆಗೆದಿದ್ದರೆ ನಾನು ಆ ಮುಖವನ್ನು ನೋಡಬೇಕಾಗುತ್ತಿರಲಿಲ್ಲ. ತೆಗೆಯಲಿಲ್ಲ. ಆದ್ದರಿಂದ ನೋಡಿದೆ. ಅವರು ಹೆಚ್ಚು ಹೊತ್ತೇ ನನ್ನನ್ನು ನೋಡಿದರು ಎಂದು ಕಾಣುತ್ತದೆ. ಆಮೇಲೆ ಮೆಲ್ಲಗೆ "ಹೂಂ" ಎಂದರು.

ನಾನು ಸುಳ್ಳು ಹೇಳಲಿಲ್ಲ, ಏನೂ ಮಾಡಲಿಲ್ಲ ಅಷ್ಟೆ. ತರ್ಕ ಓದಿದವನಿಗೆ ಈ ವ್ಯತ್ಯಾಸ ಬಹಳ ಉಪಯೋಗಕ್ಕೆ ಬರುತ್ತದೆ. ಕರುಣೆಯಿಂದ ಹಾಗೆ ಮಾಡಿದೆ ಎಂದು ಹೆಂಡತಿಗೆ ಹೇಳಿದ್ದೇನೆ, ಸ್ನೇಹಿತರಿಗೂ ಹೇಳಿದ್ದೇನೆ. ಆದರೆ ಅವತ್ತು ಸಂಜೆ ಕಾಲೇಜಿನ ಚರ್ಚಾಕೂಟದಲ್ಲಿ ನನ್ನ ಭಾಷಣವಿತ್ತು, ಬಿಸಿಲು ಇಳಿಯುತ್ತಿತ್ತು, ಬೇಗ ಮುಗಿದರೆ ಸಾಕು ಎನ್ನಿಸಿತ್ತು ಎಂಬುದೂ ನೆನಪಿದೆ. ಇವೆರಡರಲ್ಲಿ ಯಾವುದು ಕಾರಣ, ಯಾವುದು ನೆಪ ಎಂದು ಈಗ ಬಿಡಿಸಲಾರೆ. ಭಾಷಣದ ವಿಷಯ ಸತ್ಯದ ಸ್ವರೂಪ ಎಂದು ಹೇಳಿದರೆ ನೀವು ನಂಬಲಾರಿರಿ. ನನಗೂ ಅದು ಆಮೇಲೆ ಸೇರಿಸಿಕೊಂಡದ್ದೆಂದೇ ಅನುಮಾನ.

ಜೋಡಿ ಹೂಜಿಗಳು ಮಾವನ ಹಜಾರದ ಗೂಡಿನಲ್ಲಿ ಕುಳಿತವು. ಮನೆಗೆ ಯಾರೇ ಬರಲಿ, ಮಾವ ಮೊದಲು ಹಳೆಯದನ್ನು ತಟ್ಟುವರು, ಠಣ್. ಆಮೇಲೆ ಹೊಸದನ್ನು, ಟಪ್. ತಟ್ಟಿ ಬಂದವರ ಮುಖವನ್ನೇ ನೋಡುವರು. "ಅಕ್ಕ ತಂಗಿ ಇದ್ದ ಹಾಗಿಲ್ವೇ ದನಿ?" ಬಾಗಿಲ ಹಿಂದೆ ಅತ್ತೆ ಕಣ್ಣು ಕಿರಿದು ಮಾಡಿಕೊಂಡು ನಿಂತಿರುವರು. ಬಂದವರು "ಹೌದು ರಾಯರೇ, ಥೇಟ್ ಒಂದೇ" ಎನ್ನುವರು. ಒಮ್ಮೆ ಎದುರುಮನೆಯ ಶಾಮಣ್ಣ "ಅಲ್ಲ ರಾಯರೇ, ಎರಡನೇದು ಯಾಕೋ..." ಎಂದು ಬಾಯಿ ತೆರೆದರು. ಅತ್ತೆ ತಟಕ್ಕನೆ ಹೊರಗೆ ಬಂದು, "ಕಾಫಿ ಆರ್ತಾ ಇದೆ ಕಣ್ರೀ, ಮೊದಲು ಕುಡೀರಿ" ಎಂದರು. ಶಾಮಣ್ಣ ಕುಡಿದರು. ಪಿಂಗಾಣಿಯನ್ನು ಅಡುಗೆಮನೆಯ ಹೊಸಿಲು ದಾಟಿಸದ ಅತ್ತೆ ಒಂದು ಒಡಕು ಹೂಜಿಯ ಮಾನವನ್ನು ಹೀಗೆ ಕಾಯುತ್ತಿದ್ದರು. ಅದನ್ನು ನೋಡಿ ನನಗೆ ನನ್ನ ಮೌನವೂ ಪುಣ್ಯದ ಕೆಲಸವೆಂದೇ ತೋರುತ್ತಿತ್ತು.

ನೀಲಿ ಹೂಜಿ ತಂದ ದಿನದ ಮೇಲೆ ಮಾವ ಹರಾಜಿಗೆ ಹೋಗಲಿಲ್ಲ. "ಜೋಡಿ ಸಿಕ್ತಲ್ಲ, ಸಾಕು" ಎಂದರು. ಬಾಷಾ ಸಾಹೇಬರು ಎರಡು ಸಲ ಹೇಳಿ ಕಳಿಸಿದರು. ಕೊನೆಗೆ ತಾವೇ ಮನೆಗೆ ಬಂದು, "ರಾಯರೇ, ನೀವಿಲ್ದೆ ಮಾಲಿಗೆ ಮಜಾ ಇಲ್ಲ" ಎಂದು ಕರೆದರು. ಮಾವ ನಕ್ಕು ಕೈಮುಗಿದರು. ತೃಪ್ತಿಯಾಗಿರುವ ಮನುಷ್ಯ ಎಂದುಕೊಂಡೆ. ಏಳೆಂಟು ವರ್ಷದ ಮೇಲೆ ಅವರು ತೀರಿಕೊಂಡರು. ಹದಿನಾಲ್ಕನೆಯ ದಿನ ಅತ್ತೆ ಒಡಕು ಹೂಜಿಯನ್ನು ನನ್ನ ಕೈಗಿಟ್ಟು, "ನಿನ್ನ ಜೊತೆ ಹೋಗಿ ತಂದದ್ದು, ನಿನ್ನ ಹತ್ರಾನೇ ಇರ್ಲಿ" ಎಂದರು. ಅಂದಿನಿಂದ ಅದು ನಮ್ಮ ಮನೆಯ ಬೀರುವಿನ ಮೇಲಿದೆ.

ಮಾರುಕಟ್ಟೆಯಿಂದ ಬಂದ ಮರುದಿನ ಅತ್ತೆಯ ಮನೆಗೆ ಹೋದೆ. ಮಗಳು ಅಳಿಯ ಮೊಮ್ಮಕ್ಕಳ ಗಲಾಟೆಯ ನಡುವೆ ಅವರು ಬತ್ತಿ ಹೊಸೆಯುತ್ತಾ ಕುಳಿತಿದ್ದರು.

"ಅತ್ತೆ, ಮಾವ ಹೂಜಿ ತಟ್ಟುವಾಗ ಎಡಗೈ ಎಲ್ಲಿಡ್ತಿದ್ರು?"

ಅದನ್ನು ಕೇಳಬೇಕಾಗಿತ್ತು. ಎಡಗೈಯನ್ನು ಹೊಟ್ಟೆಗೆ ಆನಿಸುತ್ತಿದ್ದರೆಂದು ಮೇಲೆ ಬರೆದಿದ್ದೇನಲ್ಲ, ಅದು ನಾನು ಕಂಡದ್ದೋ, ಮುದುಕಿಯಿಂದ ಕಲಿತು ಮಾವನ ಚಿತ್ರಕ್ಕೆ ಅಂಟಿಸಿದ್ದೋ, ನನಗೆ ಖಾತ್ರಿಯಿರಲಿಲ್ಲ.

"ಎಲ್ಲಿಡ್ತಾರೆ, ಅದರ ಹೊಟ್ಟೆ ಮೇಲೆ. ಬಸುರಿ ಹೆಂಗಸನ್ನ ಸೂಲಗಿತ್ತಿ ಮುಟ್ಟಿದ ಹಾಗೆ. ನಾನೇ ಎಷ್ಟು ಸಲ ನಕ್ಕಿದೀನಿ."

"ಕೈಗೇ ತಿಳೀತಿದ್ರೆ ನನ್ನ ಕಿವಿ ಯಾಕೆ ಬೇಕಾಗಿತ್ತು?"

"ಆ ಬೋಗುಣಿ ದಿನ ಕೈ ಬೇಡ ಅಂದ್ರೂ ಕೇಳ್ದೆ ಹಳೇ ಕಿವೀನೇ ನಂಬಿ ಕೆಟ್ಟೆ ಅನ್ನೋರು. ಆದ್ರೂ ಬರೀ ಕೈ ನಂಬೋಕೆ ಧೈರ್ಯ ಸಾಲ್ದು ಅನ್ನೋರು. ನಿನ್ನ ಕಿವಿ ಹೇಳೋದೂ ತಮ್ಮ ಕೈ ಹೇಳೋದೂ ತಾಳೆ ಆದ್ರೆ ಸಮಾಧಾನ." ಅತ್ತೆ ಒಂದು ಬತ್ತಿಯನ್ನು ಮುಗಿಸಿ ಇನ್ನೊಂದನ್ನು ತೆಗೆದುಕೊಂಡರು. "ಆ ನೀಲಿ ಹೂಜಿ ತಂದ ದಿನ ನೀನು ಭಾಷಣ ಅಂತ ಓಡಿಹೋದೆ. ಹಿತ್ತಿಲಲ್ಲಿ ನೀರು ಹಾಕ್ತಾ ಇದ್ದೆ. ಅಂಗೈ ನೋಡ್ಕೊಂಡು ನಿಂತಿದ್ರು. 'ಕಿವಿ ಮೊದಲೇ ಹೋಗಿತ್ತು, ಈಗ ಕೈಯೂ ಹೋಯ್ತು ಕಣೇ' ಅಂದ್ರು. ತಣ್ಣೀರಿಗೆ ಮರಗಟ್ಟಿರಬೇಕು ಅಂದ್ಕೊಂಡೆ. ಯಾಕೋ, ಮುಖ ಹೀಗೆ ಮಾಡ್ಕೊಂಡೆ?"

"ಏನಿಲ್ಲ ಅತ್ತೆ."

"ಬಿಟ್ಬುಡು. ಇಷ್ಟು ವರ್ಷ ಆದ್ಮೇಲೆ ಯಾಕೋ ತಟ್ಟಿ ನೋಡ್ತೀಯಾ?"

ದಾರಿಯುದ್ದಕ್ಕೂ ಅತ್ತೆಯ ನೆನಪನ್ನು ಶಂಕಿಸಲು ಪ್ರಯತ್ನಿಸಿದೆ. ವಯಸ್ಸಾಗಿದೆ, ಯಾವುದೋ ದಿನದ ಮಾತನ್ನು ಆ ದಿನಕ್ಕೆ ಸೇರಿಸಿರಬಹುದು. ನನ್ನ ವಿದ್ಯೆ ಹೇಳಿಕೊಟ್ಟ ಎಲ್ಲ ಬಾಗಿಲುಗಳನ್ನೂ ತಳ್ಳಿ ನೋಡಿದೆ. ಯಾವುದೂ ತೆರೆಯಲಿಲ್ಲ. ಅವತ್ತು ಮಾವನ ಅಂಗೈ ಸತ್ಯ ಹೇಳಿತ್ತು. ಅವರು ನನ್ನ ಕಡೆ ನೋಡಿದರು. ನನ್ನ ಕನ್ನಡಕ ಮುಖದ ಮೇಲೆಯೇ ಇತ್ತು. ಅವರು ನನ್ನನ್ನು ನಂಬಿ ತಮ್ಮ ಕೈಯನ್ನು ಬಿಟ್ಟುಕೊಟ್ಟರು. ಆಮೇಲೆ ಬಂದವರನ್ನೆಲ್ಲ ನಿಲ್ಲಿಸಿ ಅವರು ತಟ್ಟಿ ತೋರಿಸುತ್ತಿದ್ದದ್ದು ಜಂಬಕ್ಕಲ್ಲ. ಯಾರಾದರೂ ಒಬ್ಬರು ಇಲ್ಲ ಎನ್ನುತ್ತಾರೆಯೇ ಎಂದು ಕೇಳುತ್ತಿದ್ದರು. ನಾವೆಲ್ಲ ಎಷ್ಟು ಒಳ್ಳೆಯವರಾಗಿದ್ದೆವು! ಒಬ್ಬರೂ ಇಲ್ಲ ಎನ್ನಲಿಲ್ಲ.

ಮನೆಗೆ ಬಂದು ಬೀರುವಿನ ಮೇಲಿನಿಂದ ಹೂಜಿಯನ್ನು ಇಳಿಸಿದೆ. ಧೂಳು ಒರೆಸಿ ಮೇಜಿನ ಮೇಲಿಟ್ಟೆ. ಕನ್ನಡಕ ತೆಗೆದೆ. ನೀಲಿ ಹೂವುಗಳು ಕಲಸಿಹೋಗಿ ಒಂದು ಕಲೆಯಾದವು. ಎಡಗೈಯನ್ನು ಅದರ ಹೊಟ್ಟೆಗೆ ಆನಿಸಿ, ಬಲಗೈಯಿಂದ ಅಂಚನ್ನು ಒಮ್ಮೆ ತಟ್ಟಿದೆ. ಅಂಗೈಗೆ ಏನೂ ಬರಲಿಲ್ಲ.

ಮಾವನ ಕೈ ಸರಿಯಾಗಿಯೇ ಇತ್ತು.